ಗಾಳಿಬಂದೂಕಿನ ಪಿಸ್ಟನ್ನೂ ಇಪ್ಪತ್ತು ಜೂಲಿನ ಗೆರೆಯೂ

ಬಿದಿರಿನ ಸಣ್ಣ ಕೊಳವೆಯ ಎರಡು ತುದಿಗಳಿಗೂ ಒಂದೊಂದು ಹಸಿರು ಕಾಯಿಯನ್ನು ತುರುಕಿ, ಹಿಂದಿನ ಕಾಯಿಯನ್ನು ಕೋಲಿನಿಂದ ರಭಸವಾಗಿ ದೂಡಿದರೆ ಮುಂದಿನದು ‘ಟಪ್’ ಎಂದು ಹಾರಿಹೋಗುವ ಆಟವನ್ನು ಕರಾವಳಿಯಲ್ಲಿ ಬೆಳೆದವರು ಮರೆತಿರಲಾರರು. ಕೆಲವೆಡೆ ಅದನ್ನು ಪೆಟ್ಲು ಎನ್ನುತ್ತಾರೆ. ಆ ಆಟದಲ್ಲಿ ಕೋಲು ಮುಂದಿನ ಕಾಯಿಯನ್ನು ಮುಟ್ಟುವುದೇ ಇಲ್ಲ. ಎರಡು ಕಾಯಿಗಳ ನಡುವೆ ಸೆರೆಸಿಕ್ಕ ಗಾಳಿ ಒತ್ತಡ ತಾಳಲಾರದೆ ಮುಂದಿನ ಕಾಯಿಯನ್ನು ಹೊರಗಟ್ಟುತ್ತದೆ. ಕಾಯಿ ಕೊಳವೆಗೆ ಬಿಗಿಯಾಗಿ ಕೂತಿದ್ದರೆ ಸದ್ದು ಜೋರು, ಸಡಿಲವಾಗಿದ್ದರೆ ಬರೇ ‘ಪುಸ್’. ಗಾಳಿಬಂದೂಕಿನ ಪಿಸ್ಟನ್ನನ್ನು ಕುರಿತು ಜಗತ್ತಿನ ಕುಶಲಕರ್ಮಿಗಳು ಇಂದಿಗೂ ನಡೆಸುತ್ತಿರುವ ಪ್ರಯೋಗಗಳ ತಿರುಳು ಇಷ್ಟೇ ಆಗಿದೆ.

ಗೋವಾ ರಾಜ್ಯದಲ್ಲಿ ಈ ವಿಷಯದ ಬಗೆಗೆ ಆಸಕ್ತರಾಗಿರುವವರನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ವಾಸ್ಕೊ, ಮಡಗಾಂವ್, ಪಣಜಿಯಂಥ ಪಟ್ಟಣಗಳ ತರುಣರಿಗೆ ಅದು ಹವ್ಯಾಸ. ಸತ್ತರಿ, ಸಾಂಗೇ, ಕಾಣಕೋಣ ತಾಲ್ಲೂಕುಗಳ ತೋಟಗಾರರಿಗೆ ಅದು ಮಂಗನನ್ನೂ ಕಾಡುಹಂದಿಯನ್ನೂ ಬೆದರಿಸುವ ಉಪಾಯ. ಮೊದಲನೆಯವರು ಸದ್ದು ಕಡಿಮೆಯಾಗಬೇಕೆನ್ನುತ್ತಾರೆ. ಎರಡನೆಯವರಿಗೆ ಸದ್ದೇ ಮುಖ್ಯ. ಇಬ್ಬರೂ ಪಿಸ್ಟನ್ನಿಗೆ ಕೈಹಾಕುತ್ತಾರೆ. ಹಾಗೆ ಕೈಹಾಕಿದಾಗ ತಾವು ಕಾನೂನಿನ ಯಾವ ಗೆರೆಯ ಬಳಿ ನಿಂತಿದ್ದೇವೆಂಬುದು ಇಬ್ಬರಲ್ಲಿ ಬಹುಮಂದಿಗೆ ತಿಳಿದಿರುವುದಿಲ್ಲ.

ಮೊದಲು ಯಂತ್ರದ ವಿಚಾರ. ‘ಏರ್‌ಸಾಫ್ಟ್’ ಎಂಬ ಆಟದ ಬಂದೂಕು ಜಪಾನಿನಲ್ಲಿ ಹುಟ್ಟಿದ್ದು. ನಿಜವಾದ ಬಂದೂಕನ್ನು ಸಾಮಾನ್ಯ ಪ್ರಜೆ ಇಟ್ಟುಕೊಳ್ಳುವುದು ಅಲ್ಲಿ ಬಹುತೇಕ ಅಸಾಧ್ಯ. ಆದುದರಿಂದ ರೂಪದಲ್ಲಿ ಅದನ್ನೇ ಹೋಲುವ, 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡನ್ನು ಹಾರಿಸುವ ಆಟಿಕೆ ಜನಪ್ರಿಯವಾಯಿತು. 1991ರಲ್ಲಿ ಟೋಕಿಯೊ ಮಾರುಯಿ ಎಂಬ ಕಂಪನಿ ಬ್ಯಾಟರಿಯಿಂದ ನಡೆಯುವ ಮಾದರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಆಟದ ಸ್ವರೂಪವೇ ಬದಲಾಯಿತು. ಅದರೊಳಗೆ ಪುಟ್ಟ ಮೋಟಾರೊಂದು ಮೂರು ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಮೂರನೆಯ ಚಕ್ರದ ಸುತ್ತಳತೆಯ ಒಂದು ಭಾಗಕ್ಕೆ ಮಾತ್ರ ಹಲ್ಲುಗಳಿರುತ್ತವೆ. ಆ ಹಲ್ಲುಗಳು ಪಿಸ್ಟನ್ನಿನ ಅಡಿಯ ಹಲ್ಲುಗಳನ್ನು ಹಿಡಿದು ಹಿಂದಕ್ಕೆಳೆದು ಸ್ಪ್ರಿಂಗನ್ನು ಅದುಮುತ್ತವೆ. ಹಲ್ಲುಗಳು ಮುಗಿದೊಡನೆ ಪಿಸ್ಟನ್ ಬಿಡುಗಡೆಗೊಂಡು ಮುಂದಕ್ಕೆ ಧಾವಿಸಿ, ಸಿಲಿಂಡರಿನ ಗಾಳಿಯನ್ನು ಕೊಳವೆಯೊಳಕ್ಕೆ ತಳ್ಳುತ್ತದೆ. ಇದೆಲ್ಲವೂ ಸೆಕೆಂಡಿಗೆ ಹದಿನೈದು ಬಾರಿ ನಡೆಯುತ್ತದೆಂದು ನೆನೆದರೆ, ಪ್ಲಾಸ್ಟಿಕ್ಕಿನ ಆ ಬಡ ಪಿಸ್ಟನ್ನಿನ ಪಾಡು ಅರ್ಥವಾದೀತು.

ಇಂತಹ ಪಿಸ್ಟನ್ ಸಾಮಾನ್ಯವಾಗಿ ಮುರಿಯುವುದು ತನ್ನ ಹಲ್ಲುಗಳಲ್ಲಿ. ಬಿಡುಗಡೆಯ ಕ್ಷಣದಲ್ಲಿ ಸ್ಪ್ರಿಂಗಿನ ಪೂರ್ಣ ಭಾರವನ್ನು ಹೊರುವ ಕೊನೆಯ ಹಲ್ಲನ್ನು ತಯಾರಕರು ಲೋಹದಿಂದ ಮಾಡುವುದು ವಾಡಿಕೆ. ಆದರೆ ಮೊದಲ ಹಲ್ಲಿಗೂ ಅಪಾಯವುಂಟು. ಚಕ್ರದ ಮೊದಲ ಹಲ್ಲು ಪಿಸ್ಟನ್ನಿನ ಮೊದಲ ಹಲ್ಲನ್ನು ಪೂರ್ಣ ಮೈಯಿಂದ ತಾಗದೆ ತುದಿಯಿಂದ ಮಾತ್ರ ತಾಗಿದರೆ, ಪ್ರತಿಯೊಂದು ಹೊಡೆತದಲ್ಲಿಯೂ ಪ್ಲಾಸ್ಟಿಕ್ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಇದಕ್ಕೆ ಅನುಭವಿಗಳು ಕಂಡುಕೊಂಡ ಪರಿಹಾರ ಸರಳ. ಸಿಲಿಂಡರಿನ ತಲೆಯ ಒಳಮುಖಕ್ಕೆ ಮೆತ್ತನೆಯ ರಬ್ಬರಿನಂತಹ ಬಿಲ್ಲೆಯೊಂದನ್ನು ಅಂಟಿಸಿದರೆ ಪಿಸ್ಟನ್ ಕೆಲವು ಮಿಲಿಮೀಟರುಗಳಷ್ಟು ಹಿಂದೆ ನಿಲ್ಲುತ್ತದೆ. ಹಲ್ಲುಗಳು ನೇರವಾಗಿ ಕೂಡುತ್ತವೆ. ಜೊತೆಗೆ ಪಿಸ್ಟನ್ನಿನ ಎರಡನೆಯ ಹಲ್ಲನ್ನು ಅರದಿಂದ ಉಜ್ಜಿ ತೆಗೆದರೆ ಚಕ್ರದ ಮೊದಲ ಹಲ್ಲು ಎಡವದೆ ಒಳಗಿಳಿಯುತ್ತದೆ. ಬಿಲ್ಲೆಗೆ ಹೆಚ್ಚಾಗಿ ಬಳಸುವುದು ‘ಸೊರ್ಬೊಥೇನ್’ ಎಂಬ ಪದಾರ್ಥ. ಏಟನ್ನು ನುಂಗಿ ಶಾಖವಾಗಿಸುವುದು ಅದರ ಗುಣ. ಹಲ್ಲನ್ನು ಉಳಿಸಲು ಹಾಕಿದ ಬಿಲ್ಲೆಯೇ ಸದ್ದನ್ನೂ ಅರ್ಧಕ್ಕರ್ಧ ಅಡಗಿಸಿದಂತೆ ಕೇಳುತ್ತದೆ. ಏಕೆಂದರೆ ಈ ಬಂದೂಕಿನ ‘ಠಕ್’ ಎಂಬ ಶಬ್ದದ ದೊಡ್ಡ ಪಾಲು ಹುಟ್ಟುವುದು ಕೊಳವೆಯ ಬಾಯಲ್ಲಿ ಅಲ್ಲ. ಪಿಸ್ಟನ್ನಿನ ತಲೆ ಸಿಲಿಂಡರಿನ ತಲೆಗೆ ಬಡಿಯುವ ಜಾಗದಲ್ಲಿ.

ಪಿಸ್ಟನ್ನಿನ ತೂಕದ ಬಗೆಗೆ ಎರಡು ಪಂಥಗಳಿವೆ. ಪಿಸ್ಟನ್ನಿನ ಮೈಗೆ ಸಾಲಾಗಿ ರಂಧ್ರಗಳನ್ನು ಕೊರೆದು ಹಗುರಗೊಳಿಸುವವರು ಒಂದು ಪಂಥ. ಹಗುರವಾದ ಪಿಸ್ಟನ್ ಬೇಗ ಮುಂದಕ್ಕೆ ಮರಳುತ್ತದೆ. ಅದು ಮರಳುವ ಮೊದಲೇ ಚಕ್ರದ ಹಲ್ಲು ಮತ್ತೆ ಸುತ್ತಿಬಂದು ನಡುದಾರಿಯಲ್ಲಿ ಅದನ್ನು ಕಚ್ಚುವ ಅನಾಹುತ ತಪ್ಪುತ್ತದೆ. ವೇಗವಾಗಿ ಹೊಡೆಯುವ ಬಂದೂಕುಗಳಿಗೆ ಇದು ಸರಿಯಾದ ದಾರಿ. ಭಾರದ ಗುಂಡನ್ನು ಒಂದೊಂದಾಗಿ ನಿಖರವಾಗಿ ಹೊಡೆಯಬೇಕೆನ್ನುವವರು ತೂಕದ ಪಿಸ್ಟನ್ನನ್ನೇ ಮೆಚ್ಚುತ್ತಾರೆ. ಅದು ಗಾಳಿಯನ್ನು ನಿಧಾನವಾಗಿ, ಆದರೆ ಬಿಡದೆ ಅದುಮುತ್ತದೆ. ಕೊನೆಯಲ್ಲಿ ಬಡಿಯುವ ಏಟು ಮಾತ್ರ ಜೋರು. ರಂಧ್ರ ಕೊರೆಯುವ ಉತ್ಸಾಹದಲ್ಲಿ ಹಲ್ಲುಸಾಲಿನ ಬುಡವನ್ನೇ ದುರ್ಬಲಗೊಳಿಸಿ, ಮರುದಿನ ಹೊಸ ಪಿಸ್ಟನ್ ಹುಡುಕುವವರ ಸಂಖ್ಯೆಯೂ ಕಡಿಮೆಯೇನಲ್ಲ.

ಸದ್ದಿನ ವಿಚಾರದಲ್ಲಿ ಬಿಗಿಯಾದ ಗಾಳಿಬಂಧವೇ ಬಿಲ್ಲೆಗಿಂತ ದೊಡ್ಡ ಮದ್ದು. ಪಿಸ್ಟನ್ನಿನ ತಲೆಗೆ ಸುತ್ತಿದ ರಬ್ಬರ್ ಉಂಗುರ ಸಿಲಿಂಡರಿಗೆ ಸರಿಯಾಗಿ ಒತ್ತಿಕೊಂಡಿದ್ದರೆ, ಗುಂಡು ಹೊರಟ ಬಳಿಕವೂ ಉಳಿದಿರುವ ತುಸು ಗಾಳಿ ಮೆತ್ತೆಯಂತೆ ನಿಂತು ಪಿಸ್ಟನ್ನಿನ ಕೊನೆಯ ಓಟವನ್ನು ತಡೆಯುತ್ತದೆ. ಗಾಳಿ ಸೋರಿದರೆ ಮೆತ್ತೆಯಿಲ್ಲ. ಪ್ಲಾಸ್ಟಿಕ್ ಲೋಹಕ್ಕೆ ನೇರವಾಗಿ ಅಪ್ಪಳಿಸುತ್ತದೆ. ಅಂದರೆ ಸೋರುವ ಬಂದೂಕು ಏಕಕಾಲಕ್ಕೆ ನಿಶ್ಶಕ್ತವೂ ಹೌದು, ಗದ್ದಲದ್ದೂ ಹೌದು. ದೂರದ ಗುರಿಯ ಬಂದೂಕುಗಳಲ್ಲಿ ಪಿಸ್ಟನ್ನಿನ ತಲೆಗೆ ಚೂಪಾದ ಮೂತಿಯೊಂದನ್ನು ಕೂಡಿಸಿ, ಅದು ಸಿಲಿಂಡರಿನ ರಂಧ್ರವನ್ನು ಕೊನೆಗಳಿಗೆಯಲ್ಲಿ ಮುಚ್ಚಿಕೊಂಡು ಈ ಮೆತ್ತೆಯನ್ನು ಬೇಕೆಂದೇ ಸೃಷ್ಟಿಸುವಂತೆ ಮಾಡುವುದುಂಟು. ಇನ್ನು ಕೊಳವೆಯ ಬಾಯಿಂದ ಬರುವ ಸದ್ದಿಗೆ ಕಾರಣ ಅಗತ್ಯ ಮೀರಿದ ಗಾಳಿ. ಸಿಲಿಂಡರ್ ದೊಡ್ಡದಾಗಿ ಕೊಳವೆ ಗಿಡ್ಡವಾದರೆ ಗುಂಡಿನ ಹಿಂದೆಯೇ ಒತ್ತಡದ ಗಾಳಿ ಸಿಡಿದು ಹೊರಬರುತ್ತದೆ.

ಗೋವಾದ ಹವೆಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ನಾಲ್ಕು ತಿಂಗಳ ಮಳೆಯೂ ಸಮುದ್ರದ ಉಪ್ಪುಗಾಳಿಯೂ ಸ್ಪ್ರಿಂಗಿಗೆ ತುಕ್ಕು ಹಿಡಿಸುತ್ತವೆ. ತುಕ್ಕು ಹಿಡಿದ ಸ್ಪ್ರಿಂಗ್ ಸಿಲಿಂಡರಿನ ಗೋಡೆಯನ್ನು ಗೀರುತ್ತದೆ. ಹಾಗೆಂದು ಕೈಗೆ ಸಿಕ್ಕ ಎಣ್ಣೆಯನ್ನೆಲ್ಲ ಸುರಿಯುವುದು ಮೂರ್ಖತನ. ಪೆಟ್ರೋಲಿಯಂ ಮೂಲದ ಎಣ್ಣೆ ಹಲವು ಬಗೆಯ ರಬ್ಬರ್ ಉಂಗುರಗಳನ್ನು ಉಬ್ಬಿಸಿಬಿಡುತ್ತದೆ. ಸಿಲಿಕೋನ್ ಗ್ರೀಸಿನ ತೆಳುವಾದ ಲೇಪ ಸಾಕು.

ಎರಡನೆಯ ಬಗೆಯದು ಸೀಸದ ಛರೆ ಹಾರಿಸುವ ಏರ್ ರೈಫಲ್. ತತ್ತ್ವ ಒಂದೇ ಆದರೂ ಇದು ಆಟಿಕೆಯಲ್ಲ. ಕೊಳವೆಯನ್ನು ಮಡಚಿ ಸ್ಪ್ರಿಂಗನ್ನು ಕೈಯಿಂದಲೇ ಅದುಮಬೇಕು, ಪಿಸ್ಟನ್ ಉಕ್ಕಿನದು. ಇದರಲ್ಲಿ ಛರೆ ಹಾಕದೆ ಬರಿದೆ ಗುಂಡಿ ಒತ್ತುವುದು ಪಿಸ್ಟನ್ನಿಗೆ ಮಾಡುವ ಮಹಾದ್ರೋಹ. ಛರೆಯ ತಡೆ ಇಲ್ಲದಿದ್ದರೆ ಗಾಳಿಯ ಮೆತ್ತೆ ಹುಟ್ಟುವುದಿಲ್ಲ, ಪಿಸ್ಟನ್ನಿನ ತಲೆ ಕೆಲವೇ ದಿನಗಳಲ್ಲಿ ಜಜ್ಜಿಹೋಗುತ್ತದೆ. ಸಿಲಿಂಡರಿನೊಳಗೆ ಎಣ್ಣೆ ಬಿಟ್ಟರೆ ಮತ್ತೊಂದು ವಿಚಿತ್ರ ಸಂಭವಿಸುತ್ತದೆ. ತಟ್ಟನೆ ಅದುಮಿದ ಗಾಳಿ ಕಾದು, ಡೀಸೆಲ್ ಎಂಜಿನ್ನಿನಲ್ಲಿ ನಡೆಯುವಂತೆಯೇ, ಎಣ್ಣೆ ಹೊತ್ತಿಕೊಳ್ಳುತ್ತದೆ. ಬಂದೂಕು ಹೊಗೆಯುಗುಳುತ್ತದೆ, ಛರೆಯ ವೇಗ ಏಕಾಏಕಿ ಏರುತ್ತದೆ, ಶಬ್ದದ ವೇಗವಾದ ಸೆಕೆಂಡಿಗೆ ಸುಮಾರು 340 ಮೀಟರನ್ನು ಮೀರಿದರೆ ಚಾಟಿಯೇಟಿನಂತಹ ಸದ್ದೂ ಬರುತ್ತದೆ. ಹಳೆಯ ರೈಫಲ್ಲಿಗೆ ‘ಜೀವ ಬಂತು’ ಎಂದು ಸಂತೋಷಪಡುವವರು ಅದರ ಸ್ಪ್ರಿಂಗ್ ಮತ್ತು ಸೀಲು ಹರಿದ ದಿನ ಕಾರಣ ಹುಡುಕುತ್ತಾರೆ. ಈ ಬಂದೂಕಿನ ‘ಟಣ್’ ಎಂಬ ಕಂಪನವನ್ನು ಕಳೆಯಲು ಸ್ಪ್ರಿಂಗಿನ ಒಳಗೆ ಬಿಗಿಯಾಗಿ ಕೂರುವ ಮಾರ್ಗದರ್ಶಿ ಕೊಳವೆ, ಜಿಗುಟಾದ ಗ್ರೀಸು, ನುಣುಪಾಗಿಸಿದ ಸ್ಪ್ರಿಂಗ್ ತುದಿಗಳು, ಈ ಮೂರೇ ಬಹುತೇಕ ಸಾಕಾಗುತ್ತವೆ. ಇವುಗಳಿಂದ ಶಕ್ತಿ ಗಣನೀಯವಾಗಿ ಹೆಚ್ಚುವುದಿಲ್ಲ, ಬಂದೂಕು ನಯವಾಗುತ್ತದೆ. ನ್ಯಾಯವಾದಿಯ ಕಣ್ಣಿನಿಂದ ನೋಡಿದರೂ ಈ ಬಗೆಯ ಸುಧಾರಣೆಯೇ ಮೇಲು.

ತೊಡಕು ಹುಟ್ಟುವುದು ಸ್ಪ್ರಿಂಗನ್ನೇ ಬದಲಿಸಿದಾಗ.

ಭಾರತದಲ್ಲಿ 1959ರ ಆಯುಧ ಕಾಯಿದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದರ 2ನೆಯ ಕಲಮಿನಲ್ಲಿ ಬಂದೂಕಿಗೆ ಕೊಟ್ಟಿರುವ ವ್ಯಾಖ್ಯೆ ಬಹು ವಿಶಾಲವಾದುದು. ಸ್ಫೋಟಕದಿಂದಲಾಗಲಿ ‘ಶಕ್ತಿಯ ಇತರ ರೂಪಗಳಿಂದಲಾಗಲಿ’ ಗುಂಡನ್ನು ಹಾರಿಸಲು ರಚಿಸಿದ ಯಾವುದೇ ಆಯುಧ ಅದರಡಿ ಬರುತ್ತದೆ. ಅದುಮಿದ ಗಾಳಿಯೂ ಶಕ್ತಿಯ ಒಂದು ರೂಪವೇ ಅಲ್ಲವೇ? ಆದಕಾರಣ ಗಾಳಿಬಂದೂಕು ಬಂದೂಕೇ ಅಲ್ಲವೆಂಬ ಲೋಕರೂಢಿಯ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. ಅದು ಬಂದೂಕೇ ಹೌದು. ಪರವಾನಗಿಯಿಂದ ಅದಕ್ಕೆ ವಿನಾಯಿತಿ ಕೊಡಲಾಗಿದೆ, ಅಷ್ಟೇ. ವಿನಾಯಿತಿಗೆ ಯಾವಾಗಲೂ ಷರತ್ತಿರುತ್ತದೆ. ಹಿಂದೆ ಆ ಷರತ್ತು ಬಡಗಿಯ ಅಂಗಳದ್ದಾಗಿತ್ತು: ಒಂದು ಅಂಗುಲ ದಪ್ಪದ ಮರದ ಹಲಗೆಯನ್ನು ಐದು ಅಡಿ ದೂರದಿಂದ ಹೊಡೆದಾಗ ಛರೆ ಅದನ್ನು ಭೇದಿಸಿ ಹೋಗಬಾರದು. 2016ರ ಆಯುಧ ನಿಯಮಗಳು ಹಲಗೆಯ ಬದಲಿಗೆ ಭೌತಶಾಸ್ತ್ರವನ್ನು ತಂದವು. ಕೊಳವೆಯ ಬಾಯಲ್ಲಿ ಶಕ್ತಿ 20 ಜೂಲನ್ನು ಮೀರಬಾರದು. ಕೊಳವೆಯ ಒಳವ್ಯಾಸ 0.177 ಅಂಗುಲ, ಎಂದರೆ 4.5 ಮಿಲಿಮೀಟರನ್ನು ಮೀರಬಾರದು. ಎರಡರಲ್ಲಿ ಒಂದನ್ನು ಮೀರಿದರೂ ಪರವಾನಗಿ ಬೇಕು.

ಇಪ್ಪತ್ತು ಜೂಲೆಂದರೆ ಎಷ್ಟು? ಅರ್ಧ ಗ್ರಾಮಿನಷ್ಟು, ಸರಿಯಾಗಿ ಹೇಳುವುದಾದರೆ 0.53 ಗ್ರಾಮ್ ತೂಗುವ ಛರೆ ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಹದಿನಾರೂವರೆ ಜೂಲು. ಅದೇ ಛರೆ 275 ಮೀಟರ್ ವೇಗ ಪಡೆದರೆ ಶಕ್ತಿ 20 ಜೂಲನ್ನು ಕೂದಲೆಳೆಯಷ್ಟು ದಾಟುತ್ತದೆ. ವೇಗದಲ್ಲಿ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಹೆಚ್ಚುತ್ತದೆ. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದರಿಂದ ಇದು ಅನಿವಾರ್ಯ. ಬಲವಾದ ಸ್ಪ್ರಿಂಗು, ಹೊಸ ಸೀಲು, ಎಣ್ಣೆಯ ಒಂದು ಹನಿ, ಇಷ್ಟರಿಂದಲೇ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿ ನ್ಯಾಯವಾಗಿ ಕೊಂಡುತಂದ ವಸ್ತು ಮನೆಯ ಮೇಜಿನ ಮೇಲೆಯೇ ಪರವಾನಗಿಯಿಲ್ಲದ ಆಯುಧವಾಗಿ ಮಾರ್ಪಡಬಹುದು. ಒಲಿಂಪಿಕ್ಸಿನ 10 ಮೀಟರ್ ಸ್ಪರ್ಧೆಯ ರೈಫಲ್ಲುಗಳ ಶಕ್ತಿ ಸುಮಾರು ಏಳೂವರೆ ಜೂಲು ಮಾತ್ರ ಎಂಬುದನ್ನು ಶಕ್ತಿಯ ಮೋಹದಲ್ಲಿರುವವರು ಗಮನಿಸಬೇಕು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ವರ್ಗದ ರೈಫಲ್ಲಿನಿಂದ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದ 10 ಮೀಟರ್ ಏರ್ ಪಿಸ್ತೂಲಿನದೂ ದೊಡ್ಡ ಶಕ್ತಿಯೇನಲ್ಲ. ಅರ್ಧ ಮಿಲಿಮೀಟರ್ ಅಗಲದ ಹತ್ತಂಕದ ಚುಕ್ಕೆಯನ್ನು ತಾಕಲು ರೈಫಲ್ಲಿಗೆ ಬೇಕಾದುದು ಬಲವಲ್ಲ.

ಏರ್‌ಸಾಫ್ಟಿನ ಪಾಡು ಇನ್ನೂ ಸೋಜಿಗದ್ದು. 0.20 ಗ್ರಾಮಿನ ಗುಂಡು ಸೆಕೆಂಡಿಗೆ 100 ಮೀಟರ್ ಹೋದರೆ ಅದರ ಶಕ್ತಿ ಒಂದೇ ಒಂದು ಜೂಲು. ಜಪಾನಿನ ಕಾನೂನು ಒಂದು ಜೂಲಿಗಿಂತ ತುಸು ಕೆಳಗೆ ಗೆರೆ ಎಳೆದಿದೆ. ಬ್ರಿಟನ್ 2017ರ ಕಾಯಿದೆಯಲ್ಲಿ ನಿರಂತರವಾಗಿ ಹೊಡೆಯುವವುಗಳಿಗೆ 1.3 ಜೂಲು, ಒಂದೊಂದಾಗಿ ಹೊಡೆಯುವವುಗಳಿಗೆ 2.5 ಜೂಲು ಎಂದು ಸ್ಪಷ್ಟಪಡಿಸಿದೆ. ಭಾರತದ ಅಳತೆಗೋಲಿನಲ್ಲಿ ಶಕ್ತಿಯ ದೃಷ್ಟಿಯಿಂದ ಅದು ನಗಣ್ಯ. ಆದರೆ ಅದರ ಕೊಳವೆಯ ಒಳವ್ಯಾಸ 6 ಮಿಲಿಮೀಟರಿಗಿಂತ ಹೆಚ್ಚು! ಅಕ್ಷರಶಃ ಓದಿದರೆ, ಹದಿನಾರು ಜೂಲಿನ ಛರೆಬಂದೂಕಿಗೆ ಬೇಡದ ಪರವಾನಗಿ ಒಂದು ಜೂಲಿನ ಆಟಿಕೆಗೆ ಬೇಕಾಗುತ್ತದೆ. ಅದು ಆಯುಧವಲ್ಲ, ಆಟಿಕೆ ಎಂಬುದು ಒಪ್ಪತಕ್ಕ ವಾದವೇ. ಆದರೆ ಕಾಯಿದೆಯ 6ನೆಯ ಕಲಮು ‘ಅನುಕರಣ ಬಂದೂಕು’ ಎಂಬುದೊಂದನ್ನು ಗುರುತಿಸುತ್ತದೆ: ಗುಂಡು ಹಾರಿಸಬಲ್ಲದೋ ಇಲ್ಲವೋ, ಬಂದೂಕಿನಂತೆ ಕಾಣುವ ಯಾವುದೇ ವಸ್ತು. ಅದನ್ನು ಪರವಾನಗಿಯಿಲ್ಲದೆ ಬಂದೂಕಾಗಿ ಪರಿವರ್ತಿಸುವುದು ಅಪರಾಧ. 2019ರ ತಿದ್ದುಪಡಿ ಇದರ ಜೊತೆಗೆ, ನಿಯಮಗಳಲ್ಲಿ ಹೇಳಿರುವ ಒಂದು ವರ್ಗದ ಬಂದೂಕನ್ನು ಮತ್ತೊಂದು ವರ್ಗಕ್ಕೆ ಪರಿವರ್ತಿಸುವುದನ್ನೂ ಸೇರಿಸಿತು. 25ನೆಯ ಕಲಮಿನ ಶಿಕ್ಷೆಯನ್ನು ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಏರಿಸಿತು. ಹವ್ಯಾಸಿಯೊಬ್ಬ ಸ್ಪ್ರಿಂಗ್ ಬದಲಿಸಿದ್ದು ‘ವರ್ಗದ ಪರಿವರ್ತನೆ’ ಆಗುತ್ತದೆಯೇ? ಆಗುವುದಿಲ್ಲವೆಂದು ವಾದಿಸಲು ಬೇಕಾದಷ್ಟು ಅವಕಾಶವಿದೆ. ಆ ವಾದವನ್ನು ಮಂಡಿಸಬೇಕಾಗಿ ಬರುವುದು ಜಾಮೀನಿನ ಅರ್ಜಿಯಲ್ಲಿ ಎಂಬುದೇ ಕಷ್ಟ.

ಸದ್ದಿನ ವಿಷಯದಲ್ಲಿ ಕಾನೂನು ಇನ್ನಷ್ಟು ಮುಂದೆ ಹೋಗಿದೆ. ಬಂದೂಕಿನ ಸದ್ದನ್ನೋ ಕಿಡಿಯನ್ನೋ ತಗ್ಗಿಸಲು ರಚಿಸಿದ ಉಪಕರಣವನ್ನು ವ್ಯಾಖ್ಯೆಯು ಸ್ವತಃ ಬಂದೂಕೆಂದೇ ಪರಿಗಣಿಸುತ್ತದೆ. ಕೊಳವೆಯ ಬಾಯಿಗೆ ತಿರುಗಿಸಿ ಕೂಡಿಸುವ ‘ಸೈಲೆನ್ಸರ್’ ಹೀಗೆ ತಾನೇ ಒಂದು ಆಯುಧ. ಒಳಗಿನ ಪಿಸ್ಟನ್ನಿಗೆ ಮೆತ್ತನೆಯ ಬಿಲ್ಲೆ ಹಚ್ಚುವುದಕ್ಕೂ ಹೊರಗೆ ಕೊಳವೆ ಜೋಡಿಸುವುದಕ್ಕೂ ಇರುವ ವ್ಯತ್ಯಾಸ ಯಂತ್ರಶಾಸ್ತ್ರದಲ್ಲಿ ಸಣ್ಣದಿರಬಹುದು. ಮೊದಲನೆಯದು ಸವೆತ ತಡೆಯುವ ದುರಸ್ತಿ. ಎರಡನೆಯದಕ್ಕೆ ಸದ್ದಡಗಿಸುವುದರ ಹೊರತು ಬೇರೆ ಉದ್ದೇಶವನ್ನು ನ್ಯಾಯಾಲಯದ ಮುಂದೆ ಹೇಳುವುದು ಸುಲಭವಲ್ಲ.

ತೋಟಗಾರನ ಸಂಕಟ ಬೇರೆಯದು. ತೆಂಗು, ಅಡಕೆ, ಬಾಳೆ ಬೆಳೆದವನಿಗೆ ಮಂಗಗಳ ಹಿಂಡು ಒಂದೇ ಬೆಳಗ್ಗೆ ಮಾಡುವ ನಷ್ಟವನ್ನು ಪಟ್ಟಣದವರು ಊಹಿಸಲಾರರು. 2016ರಲ್ಲಿ ಗೋವಾದ ಅಂದಿನ ಕೃಷಿ ಸಚಿವ ರಮೇಶ್ ತವಡ್ಕರ್ ಅವರು ಬೆಳೆಹಾನಿ ಮಾಡುವ ಪ್ರಾಣಿಗಳ ಪಟ್ಟಿಯಲ್ಲಿ ನವಿಲನ್ನೂ ಸೇರಿಸುವ ಯೋಚನೆಯನ್ನು ಪ್ರಸ್ತಾಪಿಸಿದಾಗ ದೇಶದೆಲ್ಲೆಡೆ ಗದ್ದಲವಾಯಿತು. ರಾಷ್ಟ್ರಪಕ್ಷಿಗಾದ ಅವಮಾನ ಎಲ್ಲರ ಕಣ್ಣಿಗೂ ಬಿತ್ತು, ರೈತನ ಗದ್ದೆ ಯಾರ ಕಣ್ಣಿಗೂ ಬೀಳಲಿಲ್ಲ. ಕೇರಳ 2022ರಲ್ಲಿ ಕಾಡುಹಂದಿಗಳ ವಿಷಯದಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಅಧಿಕಾರ ಹಂಚಿ ಒಂದು ದಾರಿ ಹುಡುಕಿತು. ಇಷ್ಟಾದರೂ ಕಾನೂನಿನ ಈಗಿನ ಸ್ಥಿತಿಯನ್ನು ರೈತ ತಿಳಿದಿರಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದೂ ಹೌದು. ನವಿಲು ಮೊದಲ ಅನುಸೂಚಿಯ ಪಕ್ಷಿ. ಅದಕ್ಕೊಂದು ಛರೆ ತಾಗಿದರೆ ಕನಿಷ್ಠ ಶಿಕ್ಷೆ 3 ವರ್ಷ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬಳಸಿದ ಬಂದೂಕು ಸರ್ಕಾರದ ಪಾಲಾಗುತ್ತದೆ. ಅದು ಇಪ್ಪತ್ತು ಜೂಲಿನೊಳಗಿನದೆಂಬ ಸಮಾಧಾನ ಅಲ್ಲಿ ಕೆಲಸಕ್ಕೆ ಬಾರದು. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಆರಂಭವಾದ ಏರ್‌ಗನ್ ಒಪ್ಪಿಸುವ ಆಂದೋಲನದಲ್ಲಿ ಹಳ್ಳಿಗರು ತಾವಾಗಿಯೇ ಬಂದೂಕುಗಳನ್ನು ತಂದುಕೊಟ್ಟದ್ದು, ಇಂತಹ ಸಣ್ಣ ಬಂದೂಕುಗಳೇ ಕಾಡಿನ ಹಕ್ಕಿಗಳನ್ನು ಬರಿದುಮಾಡಿದ್ದವೆಂಬ ಅರಿವಿನಿಂದ. ಬೆದರಿಸುವುದಷ್ಟೇ ಉದ್ದೇಶವಾದರೆ ರೈತನಿಗೆ ಬೇಕಾದದ್ದು ಸದ್ದು. ಅವನ ರೈಫಲ್ಲಿನ ಪಿಸ್ಟನ್ನನ್ನು ಮೆತ್ತಗೆ ಮಾಡಿಕೊಟ್ಟವನು ಅವನಿಗೆ ಉಪಕಾರ ಮಾಡಿದಂತಾಗುವುದಿಲ್ಲ.

ಬೆಳಗಾವಿಯ ಕಡೆಯಿಂದ ಚೋರ್ಲಾ ಘಾಟಿಯಲ್ಲೋ ಅನಮೋಡದ ದಾರಿಯಲ್ಲೋ, ಕಾರವಾರದಿಂದ ಪೋಳೆಂ ಮೂಲಕವೋ ಗೋವಾಕ್ಕೆ ಬರುವ ಕನ್ನಡಿಗರ ಸಾಮಾನುಗಳಲ್ಲಿ ಊರಿನ ಹಳೆಯ ಏರ್‌ಗನ್ನೊಂದು ಸೇರಿಕೊಂಡಿರುವುದು ಅಪರೂಪವಲ್ಲ. ಗಡಿಯ ತಪಾಸಣೆಯಲ್ಲಿ ಅದನ್ನು ಕಂಡ ಪೊಲೀಸನ ಬಳಿ ಜೂಲು ಅಳೆಯುವ ಯಂತ್ರ ಇರುವುದಿಲ್ಲ. ಅವನು ನೋಡುವುದು ಕಾಗದವನ್ನು. ಕೊಂಡ ರಶೀದಿ, ತಯಾರಕರು ಕೊಟ್ಟ ವಿವರಪತ್ರ ಎರಡೂ ಇದ್ದರೆ ಮಾತು ಅಲ್ಲಿಯೇ ಮುಗಿಯುವ ಸಾಧ್ಯತೆ ಹೆಚ್ಚು. ಚುನಾವಣೆಯ ದಿನಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳು ಆಯುಧ ಒಯ್ಯುವುದನ್ನು ನಿಷೇಧಿಸಿ ಆದೇಶ ಹೊರಡಿಸುವುದುಂಟು. ಆ ಅವಧಿಯಲ್ಲಿ ಕಾಗದ ಇದ್ದರೂ ಒಯ್ಯದಿರುವುದೇ ಕ್ಷೇಮ. ಪ್ರಕರಣ ದಾಖಲಾಗಿ ಬಂದೂಕು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದರೆ, ಅಲ್ಲಿ ಅಳತೆ ಮಾಡಿದ್ದು ಎಷ್ಟು ತೂಕದ ಛರೆಯಿಂದ, ಎಷ್ಟು ಹೊಡೆತಗಳ ಸರಾಸರಿ, ಒಳಗೆ ಎಣ್ಣೆಯಿತ್ತೇ ಎಂಬುದನ್ನು ಪಾಟೀಸವಾಲಿನಲ್ಲಿ ಕೇಳದೆ ಬಿಡಬಾರದು. ಒಂದೇ ಬಂದೂಕು ಒಂದು ಛರೆಯಿಂದ ಹದಿನೆಂಟು ಜೂಲನ್ನೂ ಮತ್ತೊಂದರಿಂದ ಇಪ್ಪತ್ತೊಂದನ್ನೂ ತೋರಿಸಬಲ್ಲದು.

ಪಿಸ್ಟನ್ನಿಗೆ ಕೈಹಾಕುವವರು ಮೊದಲು ಅಳೆದು, ಕೆಲಸ ಮುಗಿದ ಮೇಲೆ ಮತ್ತೆ ಅಳೆದು, ಎರಡನ್ನೂ ದಿನಾಂಕದೊಡನೆ ಬರೆದಿಡುವುದು ಉಚಿತ. ವೇಗ ಅಳೆಯುವ ಕ್ರೊನೊಗ್ರಾಫ್ ಇಲ್ಲದವರಿಗೆ 1742ರಲ್ಲಿ ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞ ಪ್ರಕಟಿಸಿದ ಲೋಲಕದ ವಿಧಾನ ಇಂದಿಗೂ ಸಾಕು. ಜೇಡಿಮಣ್ಣು ತುಂಬಿದ ಅರ್ಧ ಕಿಲೊ ತೂಕದ ಡಬ್ಬಿಯನ್ನು ಒಂದು ಮೀಟರ್ ಉದ್ದದ ದಾರಗಳಿಂದ ತೂಗುಬಿಟ್ಟು, ಅದರ ಹಿಂದೆ ಗಟ್ಟಿಯಾದ ಮರಳಿನ ಮೂಟೆಯಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಹತ್ತಿರದಿಂದ ಛರೆಯನ್ನು ಅದರೊಳಕ್ಕೆ ಹೊಡೆದರೆ, ಡಬ್ಬಿ ಹಿಂದಕ್ಕೆ ತೂಗುವ ದೂರದಿಂದ ವೇಗವನ್ನು ಲೆಕ್ಕಹಾಕಬಹುದು. 0.53 ಗ್ರಾಮಿನ ಛರೆ 250 ಮೀಟರ್ ವೇಗದ್ದಾದರೆ ಡಬ್ಬಿ ಸುಮಾರು ಎಂಟೂವರೆ ಸೆಂಟಿಮೀಟರ್ ಸರಿಯುತ್ತದೆ. 275 ಮೀಟರಿನದಾದರೆ ಒಂಬತ್ತೂಕಾಲು. ಪರವಾನಗಿ ಬೇಡದ ಬಂದೂಕಿಗೂ ಬೇಕಾದ ಬಂದೂಕಿಗೂ ಆ ಅಳತೆಪಟ್ಟಿಯ ಮೇಲಿನ ಅಂತರ ಒಂದು ಸೆಂಟಿಮೀಟರಿಗಿಂತ ಕಡಿಮೆ.